ರಿಟ್ರೀವಬಲ್ ಬ್ರಿಡ್ಜ್ ಪ್ಲಗ್: ಐದು ವರ್ಷ ಬಳಸಿದ ಮೇಲೆ

ನನ್ನ ಮನೆ ರಾಜಾಜಿನಗರದಲ್ಲಿ, ಕೆಲಸ ಗುಜರಾತಿನ ತೈಲ ಬಾವಿಗಳಲ್ಲಿ. 28 ದಿನ ಅಲ್ಲಿ, 28 ದಿನ ಇಲ್ಲಿ. ಬಾವಿಗೆ ನುಗ್ಗುವ ನೀರನ್ನು ತಡೆಯಲು ಈ ಪ್ಲಗ್ (ವಾಪಸ್ ತೆಗೆಯಬಹುದಾದ ಬಿರಡೆ) ಬಳಸುತ್ತೇವೆ ಎಂದರೆ ನಮ್ಮತ್ತೆಗೆ ಆಶ್ಚರ್ಯ. "ನೀರು ಬಂದ್ರೆ ಒಳ್ಳೇದೇ ಅಲ್ವಾ?" ಬೋರ್‌ವೆಲ್ ಬತ್ತಿದ ಬೀದಿಯವರು ಹಾಗೇ ಕೇಳುತ್ತಾರೆ. ಆದರೆ ಅಲ್ಲಿನದು ಉಪ್ಪು ನೀರು. ಎಣ್ಣೆಯ ಜೊತೆ ಮೇಲೆತ್ತಬೇಕು, ಬೇರೆ ಮಾಡಬೇಕು, ಮತ್ತೆ ನೆಲದೊಳಗೇ ಬಿಡಬೇಕು. ಎಲ್ಲಕ್ಕೂ ಖರ್ಚು.

ನಮ್ಮೂರಿನ ಬೋರ್‌ವೆಲ್‌ಗೆ ಮೇಲಿನ ಸಡಿಲ ಮಣ್ಣಿಗಷ್ಟೇ ಕೇಸಿಂಗ್ ಪೈಪ್, ಕೆಳಗೆಲ್ಲ ಬರಿ ಬಂಡೆ. ನಮ್ಮ ತೈಲ ಬಾವಿಗಳಲ್ಲಿ ಎಣ್ಣೆ ಪದರದವರೆಗೂ ಉಕ್ಕಿನ ಕೇಸಿಂಗ್ ಇಳಿಸಿ, ಸುತ್ತ ಸಿಮೆಂಟ್ ತುಂಬಿ, ಬೇಕಾದ ಕಡೆ ತೂತು ಹೊಡೆದಿರುತ್ತಾರೆ. ಎಣ್ಣೆ ತೆಗೆದಂತೆ ಅಡಿಯ ನೀರು ಮೇಲೇರಿ ಕೆಳಗಿನ ತೂತುಗಳಿಂದ ಒಳಗೆ ಬರುತ್ತದೆ. ಅವುಗಳ ಮೇಲ್ಗಡೆ ಈ ಬಿರಡೆ ಕೂರಿಸುತ್ತೇವೆ. ಅದರ ಸ್ಲಿಪ್‌ಗಳ (ಹಿಡಿತ ಕೊಡುವ ಉಕ್ಕಿನ ತುಂಡುಗಳ) ಹಲ್ಲು ಕೇಸಿಂಗನ್ನು ಕಚ್ಚುತ್ತದೆ, ರಬ್ಬರ್ ಹಿಗ್ಗಿ ಸಂದು ಮುಚ್ಚುತ್ತದೆ. ಮೇಲಿನ ತೂತುಗಳಿಂದ ಎಣ್ಣೆ ಬರುತ್ತಲೇ ಇರುತ್ತದೆ.

ನನಗೆ ಇದು ಇಷ್ಟವಾಗಿದ್ದು ವಾಪಸ್ ತೆಗೆಯಬಹುದು ಅನ್ನುವ ಕಾರಣಕ್ಕೆ. ನೀರು ಯಾವ ಪದರದ್ದು ಎಂದು ಲಾಗಿಂಗ್ ಮಾಡಿದರೂ (ಬಾವಿಯೊಳಗೆ ಉಪಕರಣ ಇಳಿಸಿ ಅಳೆದರೂ) ಒಮ್ಮೊಮ್ಮೆ ಅನುಮಾನ ಉಳಿಯುತ್ತದೆ. ಪ್ಲಗ್ ಬದಲು ಸಿಮೆಂಟ್ ಒತ್ತಿ ಮುಚ್ಚಿದ್ದು, ಆ ಪದರ ತಪ್ಪಾಗಿದ್ದರೆ ಮತ್ತೆ ಕೊರೆದು, ಮತ್ತೆ ತೂತು ಹೊಡೆಯಬೇಕು. ಒಂದು ಬಾವಿಯಲ್ಲಿ ಪ್ಲಗ್ ಕೂರಿಸಿದ ಮೇಲೂ ನೀರು ಕಡಿಮೆಯಾಗಲಿಲ್ಲ. ಹುಡುಕಿದಾಗ ಅದು ಕೇಸಿಂಗ್ ಹೊರಗಿನ ಸಿಮೆಂಟ್ ಬಿರುಕಿನಲ್ಲಿ ಹತ್ತಿ ಬರುತ್ತಿತ್ತು. ಒಳಗಿನ ಬಿರಡೆ ಅದಕ್ಕೆ ಮದ್ದಲ್ಲ. ಪ್ಲಗ್ ತೆಗೆದು ಬೇರೆ ದಾರಿ ಹಿಡಿದೆವು, ಬಾವಿ ಉಳಿಯಿತು.

ಕಷ್ಟ ಇರುವುದು ತೆಗೆಯುವಾಗ. ಎಂಟು ತಿಂಗಳು ಕೂತಿದ್ದ ಒಂದು ಪ್ಲಗ್ ಮೇಲೆ ಮರಳು ತುಂಬಿಕೊಂಡಿತ್ತು. ತೆಗೆಯುವ ಟೂಲ್‌ಗೆ ಅದರ ತಲೆಯೇ ಸಿಗಲಿಲ್ಲ. ಮರಳು ತೊಳೆದು ಹಿಡಿಯುವಷ್ಟರಲ್ಲಿ ರಿಗ್‌ನ ನಾಲ್ಕು ದಿನ ಹೋಯಿತು. ಮರಳು ಬರುವ ಬಾವಿಯಲ್ಲಿ ಜಾಸ್ತಿ ದಿನ ಬಿಡಬೇಡಿ. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಪ್ಲಗ್ ಕೆಳಗೆ ಒತ್ತಡ ಕಟ್ಟಿಕೊಂಡಿರುತ್ತದೆ. ಮೊದಲು ಬೈಪಾಸ್ ವಾಲ್ವ್ ತೆರೆಯಿರಿ, ಎರಡೂ ಕಡೆ ಸಮವಾಗುವ ತನಕ ಕಾಯಿರಿ. ಅವಸರದಲ್ಲಿ ಎಳೆದರೆ ಆ ಒತ್ತಡ ಟೂಲ್ ಇಳಿಸಿದ ಪೈಪನ್ನೇ ಮೇಲಕ್ಕೆ ತಳ್ಳಬಹುದು. ರಿಗ್ ಮೇಲೆ ಹುಡುಗರು ನಿಂತಿರುತ್ತಾರೆ.

ಕೇಸಿಂಗ್ ಒಳಮೈ ಕೆರೆದು ಶುಚಿ ಮಾಡುವ ಸ್ಕ್ರೇಪರ್ ಇಳಿಸದೆ ಪ್ಲಗ್ ಕೂರಿಸಲೇಬೇಡಿ. ಮೊದಲ ವರ್ಷ ಸುಮ್ನೆ ಒಂದು ದಿನ ಉಳಿಸಲು ಅದನ್ನು ಇಳಿಸದೆ ಬಿಟ್ಟೆವು. ತುಕ್ಕಿನ ಮೇಲೆ ಸ್ಲಿಪ್ ಕಚ್ಚಲಿಲ್ಲ, ಭಾರ ಇಟ್ಟ ಕೂಡಲೇ ಪ್ಲಗ್ ಜಾರಿತು. ಕೇಸಿಂಗ್ ಜೋಡಣೆ ಇರುವ ಕಡೆಯೂ ಕೂರಿಸಬಾರದು.

ರಬ್ಬರ್ ವಿಷಯದಲ್ಲಿ ನನಗೆ ಬೇಸರವಿದೆ. ಬಾವಿಯ ಶಾಖ ಹೇಳಿಯೇ ಆರ್ಡರ್ ಕೊಟ್ಟಿದ್ದರೂ ಒಬ್ಬ ಮಾರಾಟಗಾರರು ಅಷ್ಟು ಶಾಖ ತಾಳದ ಸಾಮಾನ್ಯ ನೈಟ್ರೈಲ್ ರಬ್ಬರ್ ಕಳಿಸಿದರು. ಹೊರಗೆ ಬಂದಾಗ ಅದು ಗಟ್ಟಿಯಾಗಿ ಸೀಳಿತ್ತು. ಈಗ ಪೆಟ್ಟಿಗೆ ಬಿಚ್ಚಿದ ಕೂಡಲೇ ರಬ್ಬರ್ ಯಾವುದು, ತಯಾರಾದ ದಿನ ಯಾವುದು ಎಂದು ನಾನೇ ನೋಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಾಡಿದ್ದು ಮತ್ತೆ ಹೊರಡುತ್ತಿದ್ದೇನೆ. ಆರು ತಿಂಗಳಿಂದ ಕೂತಿರುವ ಪ್ಲಗ್ ಒಂದನ್ನು ತೆಗೆಯುವುದಿದೆ. ಅದರ ರಬ್ಬರ್ ಹೇಗಿತ್ತು ಎಂದು ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ.