ಹೊಸ ಕಾರಿನ ಬಿಲ್ಲಿನಲ್ಲಿ ಮೊದಲೇ ಕೂತಿದ್ದ ಆ ಒಂದು ಸಾಲು

ಹೊಸ ಕಾರು ಕೊಳ್ಳುವಾಗ ಡೀಲರ್ ಹತ್ತಿರ ‘ಪೇಂಟ್ ಪ್ರೊಟೆಕ್ಷನ್’, ಅಂದರೆ ಬಣ್ಣ ಕಾಪಾಡುತ್ತದೆ ಎಂದು ಹಚ್ಚುವ ಲೇಪ, ಮಾಡಿಸಬೇಡಿ. ಸೀಟಿನದ್ದೂ ಬೇಡ. ಪುರುಸೊತ್ತಿಲ್ಲದವರು ಇಷ್ಟು ಓದಿದರೆ ಸಾಕು. ಪುರುಸೊತ್ತಿದ್ದವರಿಗೆ ನಾನು ಟೋಪಿ ಹಾಕಿಸಿಕೊಂಡ ಕಥೆ ಹೇಳುತ್ತೇನೆ.

ಸಹಿ ಹಾಕುವ ದಿನ ಶೋರೂಮಿನಲ್ಲಿ ಮೂರು ತಾಸು ಕೂತಿದ್ದೆವು. ಬಣ್ಣ, ವಿಮೆ, ಸಾಲದ ಕಂತು ಎಂದು ಮಾತಾಡಿ ಮಾತಾಡಿ ತಲೆ ಚಿಟ್ಟು ಹಿಡಿದಿತ್ತು. ‘ಎಲ್ಲಿ ಸಹಿ ಹಾಕಬೇಕು ಹೇಳಪ್ಪಾ’ ಎನ್ನುವ ಸ್ಥಿತಿ. ಆಗ ಬಿಲ್ಲು ಬಂತು. ವಿಮೆಗೂ ನೋಂದಣಿಗೂ ನಡುವೆ ಸುಮ್ನೆ ಕೂತಿತ್ತು ಒಂದು ಸಾಲು: ಪೇಂಟ್ ಮತ್ತು ಇಂಟೀರಿಯರ್ ಪ್ರೊಟೆಕ್ಷನ್, 5 ವರ್ಷ ವಾರಂಟಿ. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಆಗಲೇ ಟೈಪ್ ಆಗಿತ್ತು.

“ಇದೇನು?” ಎಂದೆ. ಸೇಲ್ಸ್ ಹುಡುಗ ಒಳಗೆ ಹೋಗಿ ಎರಡು ತಗಡಿನ ತುಂಡು ತಂದ. ಒಂದಕ್ಕೆ ಕೋಟಿಂಗ್ ಆಗಿದೆಯಂತೆ, ಇನ್ನೊಂದಕ್ಕೆ ಇಲ್ಲವಂತೆ. ಎರಡರ ಮೇಲೂ ನೀರು ಸುರಿದ. ಒಂದರಲ್ಲಿ ನೀರು ಮುತ್ತು ಮುತ್ತಾಗಿ ಉರುಳಿತು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. “9ಎಚ್ ಸರ್. ವಜ್ರದ್ದು 10, ಅದಕ್ಕಿಂತ ಒಂದೇ ಕಮ್ಮಿ. ಎಲ್ಲರೂ ಮಾಡಿಸ್ತಾರೆ” ಎಂದ. ಹೆಂಡತಿ ಮೆಲ್ಲಗೆ “ಇದೆಲ್ಲ ಬೇಕಾ ರೀ?” ಎಂದು ಕೇಳಿದಳು. ಇಷ್ಟು ದೊಡ್ಡ ಮೊತ್ತದಲ್ಲಿ ಇದೊಂದು ಯಾವ ಲೆಕ್ಕ ಎಂದುಕೊಂಡು ಸಹಿ ಹಾಕಿದೆ. ಅವರ ವ್ಯಾಪಾರ ನಿಂತಿರುವುದೇ ಆ ಯೋಚನೆಯ ಮೇಲೆ. ಅದನ್ನೂ ಸಾಲಕ್ಕೇ ಸೇರಿಸಿದ್ದರಿಂದ ಇವತ್ತಿಗೂ ಅದಕ್ಕೆ ಬಡ್ಡಿ ಕಟ್ಟುತ್ತಿದ್ದೇನೆ.

ಆ 9ಎಚ್ ಏನು ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಪೆನ್ಸಿಲ್ ಮೇಲೆ ಎಚ್, ಎಚ್‌ಬಿ ಎಂದು ಬರೆದಿರುತ್ತದಲ್ಲ, ಅದೇ ಎಚ್. 9ಎಚ್ ಪೆನ್ಸಿಲಿನಿಂದ ಗೀರಿದರೂ ಗೆರೆ ಬೀಳಲಿಲ್ಲ ಎಂದರೆ 9ಎಚ್. ವಜ್ರಕ್ಕೆ 10 ಕೊಡುವುದು ಮೋಸ್ ಎಂಬ ಬೇರೆಯೇ ಅಳತೆಯಲ್ಲಿ, ಅದು ಕಲ್ಲುಗಳ ಲೆಕ್ಕ. ಒಂದಕ್ಕೊಂದು ಸಂಬಂಧವೇ ಇಲ್ಲ. ಹುಡುಗನಿಗೂ ಗೊತ್ತಿರಲಿಕ್ಕಿಲ್ಲ ಪಾಪ, ಹೇಳಿಕೊಟ್ಟಿದ್ದನ್ನು ಹೇಳಿದ.

ನಾಲ್ಕನೇ ತಿಂಗಳು ಬಾನೆಟ್ ಮೇಲೆ ಹಕ್ಕಿ ಹಿಕ್ಕೆ ಬಿತ್ತು. ಊರಿನಲ್ಲಿ ಇರಲಿಲ್ಲ, ಮೂರು ದಿನ ಬಿಟ್ಟು ಬಂದು ತೊಳೆದೆ. ಹಿಕ್ಕೆ ಹೋಯಿತು, ಅದರ ಆಕಾರ ಉಳಿಯಿತು. ಬಿಸಿಲಿಗೆ ಬಣ್ಣದ ಮೇಲ್ಪದರ ಕಾದು ಮೆತ್ತಗಾಗುತ್ತದೆ, ಹಿಗ್ಗುತ್ತದೆ. ಸಂಜೆ ತಣ್ಣಗಾಗುವಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಸುತ್ತಲೇ ಕುಗ್ಗಿ ಅಚ್ಚು ಹಿಡಿಯುತ್ತದೆ. ಇರಲಿ, ಐದು ವರ್ಷ ವಾರಂಟಿ ಇದೆಯಲ್ಲ ಎಂದು ಹೋದೆ.

ಆ ವಾರಂಟಿ ಪುಸ್ತಕವನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಅವರ ಕೌಂಟರ್ ಮುಂದೆ ನಿಂತುಕೊಂಡು. ಹಿಕ್ಕೆಯನ್ನು 48 ಗಂಟೆಯೊಳಗೆ ತೊಳೆದಿರಬೇಕು. ಕಲೆ ಕಂಡ 7 ದಿನದೊಳಗೆ ತಿಳಿಸಬೇಕು. ಅವರೇ ಕೊಟ್ಟ ಶಾಂಪೂ ಬಳಸಿರಬೇಕು. ವರ್ಷಕ್ಕೊಮ್ಮೆ ಅವರಲ್ಲೇ ತಪಾಸಣೆ ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು. ಗೀರು ಸೇರುವುದಿಲ್ಲ, ಕಲ್ಲೇಟು ಸೇರುವುದಿಲ್ಲ, ಮೆಷಿನ್ ವಾಶ್‌ನಿಂದ ಆದದ್ದು ಸೇರುವುದಿಲ್ಲ. ಹಿಕ್ಕೆಯನ್ನು ನಾನೇ ತಕ್ಷಣ ತೊಳೆಯಬೇಕು ಎಂದಾದರೆ ಈ ಕೋಟಿಂಗ್ ಇರುವುದು ಯಾಕೆ ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ನಕ್ಕರು. ಕೊನೆಗೆ ಬಾನೆಟ್ಟಿಗೆ ಮಾತ್ರ ಇನ್ನೊಮ್ಮೆ ಹಚ್ಚಿಕೊಡುತ್ತೇವೆ, ಕೂಲಿ ನೀವು ಕೊಡಿ ಎಂದರು.

ಸೀಟಿನ ಕಥೆ ಇನ್ನೂ ಸಣ್ಣದು. ಮಗಳು ಸ್ಕೆಚ್ ಪೆನ್ನಿನಿಂದ ಹಿಂದಿನ ಸೀಟಿನಲ್ಲಿ ಚಿತ್ರ ಬರೆದಳು. ಶಾಯಿ ಸೇರುವುದಿಲ್ಲವಂತೆ. ಜೀನ್ಸ್ ಬಣ್ಣ ಹತ್ತಿದರೂ ಸೇರುವುದಿಲ್ಲವಂತೆ. ಅನುಮಾನ ಬಂದು ಮನೆಯಲ್ಲಿ ಸೀಟಿನ ಮೇಲೆ ನೀರು ಚಿಮುಕಿಸಿ ನೋಡಿದೆ. ಮುಂದಿನ ಎರಡು ಸೀಟಿನಲ್ಲಿ ನೀರು ಹನಿಯಾಗಿ ನಿಂತಿತು. ಹಿಂದಿನ ಸೀಟು ಸ್ಪಂಜಿನ ಹಾಗೆ ಕುಡಿಯಿತು. ಹಿಂದಿನ ಬಾಗಿಲು ತೆರೆಯಲು ಪುರುಸೊತ್ತಾಗಲಿಲ್ಲವೋ ಏನೋ!

ನಿಜವಾಗಿ ಹೊಟ್ಟೆ ಉರಿದದ್ದು ಆಮೇಲೆ. ಬಾನೆಟ್ ಮೇಲಿನ ಆ ಹಿಕ್ಕೆಯ ಗುರುತು ತೆಗೆಸಲು ಡೀಟೇಲಿಂಗ್, ಅಂದರೆ ಕಾರನ್ನು ನಾಜೂಕಾಗಿ ತೊಳೆದು ಪಾಲಿಶ್ ಮಾಡುವ ಕೆಲಸ, ಮಾಡುವ ಒಬ್ಬರ ಹತ್ತಿರ ಹೋದೆ. ಅವರು ಟಾರ್ಚ್ ಹಿಡಿದು ಬಾಗಿಲ ಮೇಲೆ ತೋರಿಸಿದರು. ಜೇಡರ ಬಲೆಯಂತೆ ಸುತ್ತು ಸುತ್ತು ಸಣ್ಣ ಗೀರುಗಳು, ಕಾರಿನ ತುಂಬಾ. “ಡೆಲಿವರಿಗೆ ಮುಂಚೆ ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸ್ತಾರೆ, ಧೂಳಿನ ಸಮೇತ. ಹಚ್ಚುವಾಗಲೇ ಇದಾಗಿರುತ್ತೆ” ಎಂದರು. ಬಣ್ಣ ಕಾಪಾಡಲು ದುಡ್ಡು ಕೊಟ್ಟು ಬಣ್ಣ ಗೀರಿಸಿಕೊಂಡಿದ್ದೆ.

ಅವರ ಹತ್ತಿರ ಕೂತಾಗ ಒಂದಷ್ಟು ವಿಷಯ ತಿಳಿಯಿತು. ಕಾರ್ಖಾನೆಯಲ್ಲಿ ಕಾರಿಗೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಎಂದು ನಾಲ್ಕು ಪದರ ಹಾಕಿ ಒಲೆಯಲ್ಲಿ ಬೇಯಿಸಿರುತ್ತಾರೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ ಒಂದೇ 40–50. ಬಣ್ಣವನ್ನು ಕಾಪಾಡಲು ಇಟ್ಟಿರುವುದೇ ಆ ಕ್ಲಿಯರ್ ಕೋಟ್. ಅದರ ಮೇಲೆ ಸೆರಾಮಿಕ್ ಕೋಟಿಂಗ್ ಎಂದು ಹಚ್ಚುವುದು ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಕಲ್ಲೇಟು ತಡೆಯುವ ಪಾರದರ್ಶಕ ಫಿಲ್ಮ್, ಪಿಪಿಎಫ್ ಅಂತಾರಲ್ಲ, ಅದು 150–200 ಮೈಕ್ರಾನ್ ದಪ್ಪ ಇರುತ್ತದೆ. ಕಲ್ಲೇಟಿಗೆ ಅದೇ ಬೇಕು, ಒಂದೆರಡು ಮೈಕ್ರಾನಿನ ಲೇಪ ಏನು ತಡೆದೀತು?

ಸೆರಾಮಿಕ್ ಪೂರ್ತಿ ಸುಳ್ಳು ಅಂತಲ್ಲ. ಸರಿಯಾಗಿ ಮಾಡಿದರೆ ಕೊಳೆ ಬೇಗ ಅಂಟುವುದಿಲ್ಲ, ತೊಳೆಯುವುದು ಸುಲಭ, ಹೊಳಪೂ ಇರುತ್ತದೆ. ಆದರೆ ಅದಕ್ಕೆ ಮೊದಲು ತೊಳೆಯಬೇಕು, ಕ್ಲೇ ಎಂಬ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ ಉಜ್ಜಿ ಅಂಟಿದ ಕಣ ತೆಗೆಯಬೇಕು, ಪಾಲಿಶ್ ಮಾಡಬೇಕು, ಆಲ್ಕೋಹಾಲಿನಲ್ಲಿ ಒರೆಸಿ ಎಣ್ಣೆ ಜಿಡ್ಡು ತೆಗೆಯಬೇಕು. ಹಚ್ಚಿದ ಮೇಲೂ ಗಟ್ಟಿಯಾಗಲು ನೀರು ತಾಗಿಸದೆ ಒಂದು ದಿನವಾದರೂ ಬಿಡಬೇಕು. ನನ್ನ ಕಾರಿಗೆ ಇದೆಲ್ಲ ಎರಡು ತಾಸಿನಲ್ಲಿ ಮುಗಿದಿತ್ತು, ಮೇಲೆ ಸಂಜೆ ನೀರು ಹೊಡೆದು ತೊಳೆದೇ ಕೊಟ್ಟಿದ್ದರು. ಹಚ್ಚಿದ್ದು ಕೆಲವು ತಿಂಗಳು ಬಾಳುವ ವ್ಯಾಕ್ಸೋ ಸೀಲೆಂಟೋ ಇರಬೇಕು ಎಂದು ಡೀಟೇಲಿಂಗ್‌ನವರ ಅಂದಾಜು. ನೀರು ಮುತ್ತಾಗಿ ಉರುಳುವುದು ಸಾಧಾರಣ ವ್ಯಾಕ್ಸ್ ಹಚ್ಚಿದರೂ ಆಗುತ್ತದೆ. ಆ ತಗಡಿನ ಆಟದ ಗುಟ್ಟು ಇಷ್ಟೇ.

ಕೆಲವರು ‘ಟೆಫ್ಲಾನ್ ಕೋಟಿಂಗ್’ ಎನ್ನುತ್ತಾರೆ. ಟೆಫ್ಲಾನ್ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು, ನಾನ್‌ಸ್ಟಿಕ್ ಪಾತ್ರೆಗೆ ಅದು ಕಚ್ಚಿಕೊಳ್ಳುವುದು ಅಂಥ ಬಿಸಿಯಲ್ಲಿ. ಬಾನೆಟ್ಟನ್ನು ಅಷ್ಟು ಕಾಯಿಸಿದರೆ ಬಣ್ಣವೇ ಉಳಿಯುವುದಿಲ್ಲ.

ಸೀಟಿಗೂ ಅಷ್ಟೇ. ಬಟ್ಟೆ ಸೀಟಿಗೆ ಹೊಡೆಯುವುದು ಸೋಫಾಕ್ಕೆ ಹೊಡೆಯುವಂಥದ್ದೇ ಸ್ಪ್ರೇ, ಡಬ್ಬಿಯಲ್ಲಿ ಸಿಗುತ್ತದೆ, ಕೂತು ಎದ್ದು ಸವೆಯುತ್ತದೆ. ಲೆದರ್ ಸೀಟಾದರೆ ಬಹುಪಾಲು ಕಾರುಗಳಲ್ಲಿ ಅದರ ಮೇಲೆ ಆಗಲೇ ಬಣ್ಣ ಮತ್ತು ಪಾಲಿಯುರೆಥೇನ್ ಪದರ ಇರುತ್ತದೆ. ಅದರ ಮೇಲೆ ಏನು ಸವರಿದರೂ ಒಳಗೆ ಇಳಿಯುವುದೇ ಇಲ್ಲ.

ನೀವು ಹೋದಾಗ ಬಿಲ್ಲಿನ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ‘ಇದು ಕಡ್ಡಾಯವಾ?’ ಎಂದು ಕೇಳಿ. ಬೇಡವೆಂದರೆ ಬುಕಿಂಗ್ ಫಾರಂ ಮೇಲೇ ಬರೆಸಿ. ‘ಆಗಲೇ ಹಚ್ಚಿಬಿಟ್ಟಿದ್ದೇವೆ ಸರ್’ ಎಂದರೆ, ನಾನು ಕೇಳಿಲ್ಲ, ದುಡ್ಡು ಕೊಡುವುದಿಲ್ಲ ಎನ್ನಿ. ಮಾಡಿಸಲೇಬೇಕು ಅನ್ನಿಸಿದರೆ ಹಚ್ಚುವ ವಸ್ತುವಿನ ಹೆಸರು ಮತ್ತು ವಾರಂಟಿ ಪುಸ್ತಕ ಮೊದಲು ಕೇಳಿ ಮನೆಗೆ ತಂದು ಓದಿ. ಇನ್ನೊಂದು ಮಾತು, ಇದು ಯಾರಿಗೂ ಹೊಳೆಯುವುದಿಲ್ಲ: ಡೆಲಿವರಿಗೆ ಮುಂಚೆ ಕಾರನ್ನು ತೊಳೆಯಬೇಡಿ, ಪಾಲಿಶ್ ಮಾಡಬೇಡಿ ಎಂದು ಬರೆದುಕೊಡಿ. ಧೂಳಿನ ಕಾರನ್ನೇ ಮನೆಗೆ ತಂದು ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲು ಒಂದು ಎಂದು ಎರಡು ಬಕೆಟ್ ಇಟ್ಟುಕೊಂಡು ನೀವೇ ತೊಳೆಯಿರಿ. ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಮೇಲಿಟ್ಟು ನೆನೆಸಿ ತೆಗೆಯಿರಿ, ಒಣಗಿದ್ದನ್ನು ಉಜ್ಜಬೇಡಿ.

ಹೋದ ತಿಂಗಳು ನನ್ನ ಭಾವ ಕಾರು ಬುಕ್ ಮಾಡಿದರು, ಜೊತೆಗೆ ನಾನೂ ಹೋಗಿದ್ದೆ. ಬಿಲ್ಲಿನಲ್ಲಿ ಅದೇ ಜಾಗದಲ್ಲಿ ಅದೇ ಸಾಲು. ಭಾವ ಪೆನ್ನು ತೆಗೆದು ಹೊಡೆದು ಹಾಕಿದರು. ಆ ಹುಡುಗ ಒಂದು ಮಾತೂ ವಾದ ಮಾಡದೆ “ಆಯ್ತು ಸರ್” ಎಂದು ಹೊಸ ಬಿಲ್ಲು ಪ್ರಿಂಟ್ ತೆಗೆದು ತಂದ. ಒಂದು ನಿಮಿಷವೂ ಹಿಡಿಯಲಿಲ್ಲ.