ಹಲಸೂರು ಗೇಟಿನಿಂದ ದೆಹಲಿ ಬಾಗಿಲಿನವರೆಗೆ: ಒಂದು ಕೋಟೆ ನಡಿಗೆ

ಬೆಂಗಳೂರಿನ ಪೇಟೆಯನ್ನು ಕಾಲ್ನಡಿಗೆಯಲ್ಲಿ ತೋರಿಸುವ ತಂಡಗಳು ಈಗ ಹಲವಿವೆ. ಅವುಗಳಲ್ಲಿ ಬಹುತೇಕವು ಕೆಂಪೇಗೌಡರಿಂದ ಆರಂಭಿಸಿ ದೋಸೆಯಲ್ಲಿ ಮುಗಿಯುತ್ತವೆ. ಕಳೆದ ಭಾನುವಾರ ನಾನು ಸೇರಿಕೊಂಡ ನಡಿಗೆಯಾದರೋ ಬ್ರಿಟಿಷರು ಟಿಪ್ಪು ಸುಲ್ತಾನನಿಂದ ಬೆಂಗಳೂರನ್ನು ಕಿತ್ತುಕೊಂಡ 1791ರ ಮಾರ್ಚ್ ತಿಂಗಳ ಎರಡು ವಾರಗಳನ್ನಷ್ಟೇ ಹಿಡಿದುಕೊಂಡು, ಅವೇ ಘಟನೆಗಳು ನಡೆದ ದಾರಿಯಲ್ಲಿ ಹದಿನೈದು ಜನರನ್ನು ಮೂರು ಗಂಟೆ ಕರೆದೊಯ್ದಿತು. ವಿವರಣೆ ಪೂರ್ತಿ ಕನ್ನಡದಲ್ಲಿತ್ತು.

ನಡಿಗೆ ಹಲಸೂರು ಗೇಟ್ ಪೊಲೀಸ್ ಠಾಣೆಯ ಬಳಿ ಆರಂಭವಾಗುತ್ತದೆ. ಆ ಹೆಸರಿನಲ್ಲಿರುವ 'ಗೇಟ್' ಒಂದು ಕಾಲದ ಪೇಟೆಯ ಬಾಗಿಲೆಂಬುದನ್ನು ನಿತ್ಯ ಓಡಾಡುವ ನಾವು ಮರೆತಿದ್ದೇವೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದ ವಾಷಿಂಗ್ಟನ್ನನ ಸೇನೆಗೆ ಶರಣಾಗಿದ್ದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್, ಹತ್ತು ವರ್ಷಗಳ ನಂತರ ಗವರ್ನರ್ ಜನರಲ್ ಆಗಿ ಮಾರ್ಚ್ 7ರಂದು ಈ ಬಾಗಿಲನ್ನು ಒಡೆಸಿದ. ಅಲ್ಲಿ ಸತ್ತ ಕರ್ನಲ್ ಮೂರ್‌ಹೌಸ್ ಮೊದಲಾದವರ ಹೆಸರು ಹೊತ್ತ ಸ್ಮಾರಕ ಕಾರ್ಪೊರೇಷನ್ ವೃತ್ತದ ಬಳಿ ಬಹುಕಾಲ ನಿಂತಿದ್ದು, 1964ರಲ್ಲಿ ತೆರವಾಯಿತು. ಪೇಟೆಯನ್ನು ಮರಳಿ ಪಡೆಯಲು ಟಿಪ್ಪು ಕಳುಹಿಸಿದ ಪಡೆ ಗಲ್ಲಿಗಲ್ಲಿಯಲ್ಲಿ ಹೋರಾಡಿ ಸೋತದ್ದನ್ನು ಅವೆನ್ಯೂ ರಸ್ತೆಯ ಅಡ್ಡಬೀದಿಗಳಲ್ಲಿ ನಿಂತು ಕೇಳುವಾಗ, ಆ ಇಕ್ಕಟ್ಟಿನಲ್ಲಿ ಯುದ್ಧವೆಂದರೆ ಏನೆಂಬುದು ಮೈಗೆ ತಿಳಿಯುತ್ತದೆ.

ಈ ನಡಿಗೆಯ ಅತ್ಯುತ್ತಮ ಭಾಗ ಕೋಟೆಯಲ್ಲಿದೆ. 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ ಮಾತ್ರ. ಬ್ರಿಟಿಷರು ಮಾರ್ಚ್ 21ರಂದು ಗೋಡೆ ಒಡೆದು ಮಾಡಿದ ಈ ಬಿರುಕಿನ ಮೂಲಕ ನುಗ್ಗಿದರೆಂದು ಅಲ್ಲಿನ ಫಲಕ ಹೇಳುತ್ತದೆ. ಒಳಗಿದ್ದು ತಡೆದವರ ವಿಷಯದಲ್ಲಿ ಅದು ಮೌನವಾಗಿದೆ. ಮಾರ್ಗದರ್ಶಕರು ನಮ್ಮನ್ನು ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆ ರಾತ್ರಿ ಬಿರುಕಿನಲ್ಲೇ ನಿಂತು ಹೋರಾಡಿ ಮಡಿದ ವಯೋವೃದ್ಧ ಕಿಲ್ಲೇದಾರ (ಕೋಟೆಯ ಅಧಿಪತಿ) ಬಹಾದೂರ್ ಖಾನನ ಬಗ್ಗೆ ಹೇಳಿದರು. ಅವನ ಶವವನ್ನು ಟಿಪ್ಪುವಿಗೆ ಒಪ್ಪಿಸಲು ಕಾರ್ನ್‌ವಾಲಿಸನೇ ಮುಂದೆ ಬಂದನೆಂಬ ಸಂಗತಿಯನ್ನು ಅವರು ತಗ್ಗಿದ ದನಿಯಲ್ಲಿ ತಿಳಿಸಿದಾಗ, ಹೊರಗೆ ಮಾರುಕಟ್ಟೆಯ ಗದ್ದಲವಿದ್ದರೂ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ನಲವತ್ತು ವರ್ಷ ಇದೇ ರಸ್ತೆಯಲ್ಲಿ ಬಸ್ಸು ಹಿಡಿದ ನನಗೆ ಆ ಹೆಸರು ಅಂದೇ ಮೊದಲ ಬಾರಿಗೆ ಕಿವಿಗೆ ಬಿದ್ದದ್ದು.

ಟಿಪ್ಪುವಿನ ಬೇಸಿಗೆ ಅರಮನೆಯ ಭೇಟಿ ಸಾಧಾರಣವಾಗಿತ್ತು. 1781ರಲ್ಲಿ ಹೈದರಾಲಿ ಆರಂಭಿಸಿದ ಕಟ್ಟಡ ಪೂರ್ಣಗೊಂಡದ್ದು ಊರು ಕೈತಪ್ಪಿದ 1791ರಲ್ಲೇ ಎಂಬುದನ್ನು ಹೇಳಿದರು. ತೇಗದ ಕಂಬಗಳ ಮುಂದೆ ಎಲ್ಲರೂ ಚಿತ್ರ ತೆಗೆದುಕೊಂಡರು.

ನನ್ನ ಆಕ್ಷೇಪ ಕೊನೆಯ ಭಾಗದ ಬಗ್ಗೆ. ಬೆಂಗಳೂರು ಬಿದ್ದದ್ದರಿಂದ ಏನಾಯಿತೆಂಬುದನ್ನು ಐದೇ ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಆ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ ಕಾರ್ನ್‌ವಾಲಿಸ್, ಹಸಿವಿನಿಂದಲೂ ಎತ್ತುಗಳ ಸಾವಿನಿಂದಲೂ ಕಂಗೆಟ್ಟು, ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಆಗ ಅವನಿಗೆ ಆಸರೆಯಾದದ್ದು ಬೆಂಗಳೂರು. ಇಲ್ಲಿ ನೆಲೆಯೂರಿಯೇ ಅವನು ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದದ್ದು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ಪರಿಹಾರವನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆ ಕೊಡಬೇಕಾದದ್ದರ ಬೇರು ಈ ಬಿರುಕಿನಲ್ಲಿದೆ. ಅದನ್ನು ಬಿರುಕಿನ ಎದುರಿಗೇ ಹೇಳಬೇಕಿತ್ತು. ಕೈಗೆ ಒಂದು ನಕ್ಷೆ ಕೊಟ್ಟಿದ್ದರೆ ಮಕ್ಕಳಿಗೂ ಅನುಕೂಲವಾಗುತ್ತಿತ್ತು. ಧ್ವನಿವರ್ಧಕವಿಲ್ಲದೆ ಹಿಂದಿನ ಸಾಲಿನವರಿಗೆ ಪೇಟೆಯಲ್ಲಿ ಅರ್ಧ ಮಾತು ಕೇಳಿಸಲಿಲ್ಲ.

ಆದರೂ ಈ ನಡಿಗೆಗೆ ಹೋಗಿ ಎಂದೇ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಮೊದಲೇ ಬಂದು ಮಾರ್ಗದರ್ಶಕರ ಪಕ್ಕದಲ್ಲೇ ನಡೆಯಿರಿ. ಮುಂದಿನ ತಿಂಗಳು ಹತ್ತನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ನಾನು ಮತ್ತೆ ಹೋಗಲಿದ್ದೇನೆ. ನಕ್ಷೆಯನ್ನು ಮನೆಯಲ್ಲೇ ಬರೆದುಕೊಂಡು ಹೋಗುತ್ತೇವೆ.