ತುಮಕೂರಿನಲ್ಲಿ ಮೊದಲ ಆರ್‌ಸಿ ಕಾರು: ಬ್ಯಾಟರಿಯದೋ, ನೈಟ್ರೋದೋ?

ಮೊದಲ ಸಲ ರಿಮೋಟಿನಲ್ಲಿ ಓಡುವ ಹಾಬಿ ಆರ್‌ಸಿ ಕಾರು ಕೊಳ್ಳುವವರು ಬ್ಯಾಟರಿಯದನ್ನೇ ಕೊಳ್ಳಿ. ತುಮಕೂರಿನಲ್ಲಿ ಇರುವವರಿಗಂತೂ ಬೇರೆ ಯೋಚನೆಯೇ ಬೇಡ. ನನ್ನ ಹತ್ತಿರ ಬ್ಯಾಟರಿಯದೂ ಇದೆ, ಇಂಧನ ಹಾಕಿ ಓಡಿಸುವ ಪುಟ್ಟ ಇಂಜಿನ್ನಿನ ನೈಟ್ರೋ ಕಾರೂ ಇದೆ. ನಿಜ ಹೇಳಬೇಕೆಂದರೆ ನೈಟ್ರೋ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ. ಆ ಸದ್ದು, ಹಿಂದೆ ಬಿಡುವ ನೀಲಿ ಹೊಗೆ, ಹಗ್ಗ ಎಳೆದು ಸ್ಟಾರ್ಟ್ ಮಾಡಿದಾಗ ಕೈಗೆ ಸಿಗುವ ನಡುಕ, ಇದೆಲ್ಲ ಬ್ಯಾಟರಿ ಕಾರಿನಲ್ಲಿ ಇಲ್ಲ. ಆದರೂ ನಮ್ಮ ಬೀದಿಯ ಹುಡುಗರು "ಅಣ್ಣ, ಪೆಟ್ರೋಲ್ ಗಾಡಿ ತಗೊಳ್ಳೋದಾ, ಬ್ಯಾಟರಿದಾ?" ಅಂತ ಕೇಳಿದಾಗೆಲ್ಲ ನನ್ನ ಉತ್ತರ ಇದೇ.

ಕಾರಣ ಸರಳ. ಹೊಸಬರು ಮೊದಲು ಕಲಿಯಬೇಕಾದ್ದು ಓಡಿಸುವುದನ್ನು. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ಅದೇ ಕಾರು ತಿರುಗಿ ನಮ್ಮ ಕಡೆ ಬರುವಾಗ ಎಲ್ಲ ಉಲ್ಟಾ. ಕೈಗೆ ಇದು ರೂಢಿಯಾಗಲು ಸಮಯ ಬೇಕು, ಅಷ್ಟರಲ್ಲಿ ಕಾಂಪೌಂಡಿಗೆ, ಲೈಟ್ ಕಂಬಕ್ಕೆ, ಯಾರದೋ ಬೈಕಿನ ಚಕ್ರಕ್ಕೆ ಗುದ್ದುವುದು ಇದ್ದೇ ಇರುತ್ತದೆ. ನೈಟ್ರೋ ತಗೊಂಡರೆ ಈ ಓಡಿಸುವ ಪಾಠದ ಜೊತೆಗೆ ಒಂದು ಪುಟ್ಟ ಇಂಜಿನ್ ಸಾಕುವ ಪಾಠವೂ ಅದೇ ದಿನ ಶುರುವಾಗುತ್ತದೆ. ಇಂಜಿನ್ ಸರಿಯಾಗಿ ನಡೆಯದೆ ಬೇಸತ್ತು ಕಾರನ್ನು ಅಟ್ಟಕ್ಕೆ ಹಾಕಿದವರನ್ನು ನೋಡಿದ್ದೇನೆ. ಓಡಿಸುವ ಖುಷಿ ಅವರಿಗೆ ಸಿಗಲೇ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಬ್ಯಾಟರಿ ಕಾರು ಎಂದರೆ ಅಂಗಡಿಯಲ್ಲಿ ನೇತುಹಾಕಿರುವ ಆಟಿಕೆ ಕಾರಲ್ಲ. ಆಟಿಕೆಯಲ್ಲಿ ಸಾಮಾನ್ಯವಾಗಿ ವೇಗ ಒಂದೇ, ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಒಂದು ಗೇರ್ ಮುರಿದರೆ ಇಡೀ ಕಾರು ಗುಜರಿಗೆ. ಹಾಬಿ ಕಾರಿನಲ್ಲಿ ಟ್ರಿಗರ್ ಎಷ್ಟು ಒತ್ತುತ್ತೀರೋ ಅಷ್ಟೇ ವೇಗ, ಸ್ಟೀರಿಂಗ್ ಎಷ್ಟು ತಿರುಗಿಸುತ್ತೀರೋ ಅಷ್ಟೇ ತಿರುವು. ಒಂದೊಂದು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ನಮ್ಮಲ್ಲಿ ಹೊಸಬರು ಹೆಚ್ಚಾಗಿ ಕೊಳ್ಳುವುದು ಡಬ್ಲ್ಯೂಎಲ್ ಟಾಯ್ಸ್ 144001. 1:14 ಅಳತೆಯ ಬಗ್ಗಿ, ನಾಲ್ಕೂ ಚಕ್ರಕ್ಕೆ ಎಳೆತ, ಲೋಹದ ಚಾಸಿ, 550 ಸೈಜಿನ ಬ್ರಷ್ಡ್ ಮೋಟಾರು, 7.4 ವೋಲ್ಟಿನ 1500 ಎಂಎಎಚ್ ಬ್ಯಾಟರಿ. ಗಂಟೆಗೆ 60 ಕಿ.ಮೀ. ಎಂದು ಕಂಪನಿ ಹೇಳುತ್ತದೆ. ಆ ವೇಗ ಹೊಸಬರಿಗೆ ಬೇಡವೇ ಬೇಡ, ಅರ್ಧ ಟ್ರಿಗರ್‌ನಲ್ಲೇ ಬೇಕಾದಷ್ಟು ಮಜಾ ಇದೆ. ಇದರ ಬಿಡಿಭಾಗಗಳು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ, ಹೊಸಬರಿಗೆ ನಾನು ಇದನ್ನು ಹೇಳಲು ಮುಖ್ಯ ಕಾರಣವೇ ಅದು. ಒಂದು ವಿಷಯ ತಿಳಿದಿರಲಿ, ಇದರಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಎರಡೂ ಒಂದೇ ಡಬ್ಬಿಯಲ್ಲಿವೆ. ಒಂದು ಹೋದರೆ ಎರಡನ್ನೂ ಬದಲಾಯಿಸಬೇಕು.

ಕೂತು ಜೋಡಿಸುವ ಆಸೆ ಇರುವವರಿಗೆ ತಮಿಯಾ ಟಿಟಿ-02 ಇದೆ. 2013ರಿಂದ ಬರುತ್ತಿರುವ ಚಾಸಿ. ಕಿಟ್ ರೂಪದಲ್ಲಿ ಬರುತ್ತದೆ, ರಿಮೋಟ್, ಬ್ಯಾಟರಿ ಎಲ್ಲ ಬೇರೆ ಕೊಳ್ಳಬೇಕು. ಆದರೆ ಅದು ನೆಲಕ್ಕೆ ಹತ್ತಿರ ಇರುವ ರಸ್ತೆ ಕಾರು. ನಮ್ಮ ಕಲ್ಲುಮಣ್ಣಿಗೆ ಆಗಿಬರುವುದಿಲ್ಲ.

ಬ್ಯಾಟರಿ ಕಾರಿನಲ್ಲಿ ಎಚ್ಚರ ಬೇಕಾದ್ದು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ವಿಷಯದಲ್ಲಿ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ಹಾಳು. ಕಾರು ಸ್ವಲ್ಪ ಮಂದವಾಯಿತು ಅನ್ನಿಸಿದ ತಕ್ಷಣ ನಿಲ್ಲಿಸಿಬಿಡಿ, ಇನ್ನೊಂದು ಸುತ್ತು ಅಂತ ಎಳೆಯಬೇಡಿ. ವಾರಗಟ್ಟಲೆ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಹತ್ತಿರ ಇಟ್ಟು ಎತ್ತಿಡಿ. ಚಾರ್ಜಿಗೆ ಹಾಕುವಾಗ ಹಾಸಿಗೆ, ಸೋಫಾ ಬೇಡ, ಬರೀ ಟೈಲ್ಸ್ ನೆಲದ ಮೇಲಿಡಿ, ಮತ್ತು ಪಕ್ಕದಲ್ಲೇ ಇರಿ. ಬಾತುಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಬಿಟ್ಟು ಹೋಗುವುದೂ ಬೇಡ. ಕಾರಿನ ಜೊತೆ ಕೊಡುವ ಸಣ್ಣ ಚಾರ್ಜರ್ ಬಲು ನಿಧಾನ, ಎಲ್ಲ ಸೆಲ್ಲನ್ನೂ ಸಮನಾಗಿ ತುಂಬುವ ಒಂದು ಒಳ್ಳೆಯ ಬ್ಯಾಲೆನ್ಸ್ ಚಾರ್ಜರಿಗೆ ದುಡ್ಡು ಹಾಕಿದರೆ ಅದು ಮುಂದಿನ ಕಾರಿಗೂ ಬರುತ್ತದೆ.

ಖರ್ಚು ಎಷ್ಟು ಕಡಿಮೆ ಗೊತ್ತಾ? 7.4 ವೋಲ್ಟ್, 1500 ಎಂಎಎಚ್ ಅಂದರೆ ಸುಮಾರು 11 ವ್ಯಾಟ್-ಅವರ್. ಬೆಸ್ಕಾಂನ ಒಂದು ಯೂನಿಟ್ 1000 ವ್ಯಾಟ್-ಅವರ್. ಚಾರ್ಜರಿನಲ್ಲಿ ಒಂದಷ್ಟು ಪೋಲಾಯಿತು ಅಂದುಕೊಂಡರೂ ಒಂದು ಯೂನಿಟ್ ಕರೆಂಟಿನಲ್ಲಿ 70 ಸಲವಾದರೂ ಚಾರ್ಜ್ ಆಗುತ್ತದೆ. ಎರಡನೇ ಬ್ಯಾಟರಿ ಒಂದು ತಗೊಂಡುಬಿಡಿ, ಒಂದೇ ಇದ್ದರೆ ಮೈದಾನಕ್ಕೆ ಹೋದದ್ದೂ ಬಂದದ್ದೂ ಗೊತ್ತಾಗುವುದಿಲ್ಲ.

ಈಗ ನೈಟ್ರೋ. ಹುಡುಗರು ಪೆಟ್ರೋಲ್ ಗಾಡಿ ಅನ್ನುತ್ತಾರೆ, ಆದರೆ ಬಂಕಿನ ಪೆಟ್ರೋಲ್ ಹಾಕಿದರೆ ಇದು ಓಡುವುದಿಲ್ಲ. ಇದರ ಇಂಧನ ಮೆಥನಾಲ್, ಅದರ ಜೊತೆ ನೈಟ್ರೋಮೀಥೇನ್ ಮತ್ತು ಎಣ್ಣೆ. ಕಾರಿಗೆ ಸಾಮಾನ್ಯವಾಗಿ ನೈಟ್ರೋ 16ರಿಂದ 25 ಪರ್ಸೆಂಟ್ ಇರುವುದನ್ನು ಹಾಕುತ್ತಾರೆ. ಬೈಕಿನ ಹಾಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇರುತ್ತದೆ. ಅದರ ಪ್ಲಾಟಿನಂ ತಂತಿಯನ್ನು ಮೊದಲು ಒಂದು ಸಣ್ಣ ಬ್ಯಾಟರಿಯಿಂದ ಕೆಂಪಗೆ ಕಾಯಿಸಿ ಸ್ಟಾರ್ಟ್ ಮಾಡುತ್ತೇವೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಆ ಪ್ಲಾಟಿನಂ ಜೊತೆ ಸೇರಿ ಉರಿಯುವ ಬಿಸಿಯಲ್ಲೇ ತಂತಿ ಕೆಂಪಗೇ ಉಳಿಯುತ್ತದೆ, ಇಂಜಿನ್ ತಾನೇ ನಡೆಯುತ್ತದೆ. 3 ಸಿಸಿ ಕೂಡ ಇಲ್ಲದ 18 ಸೈಜಿನ ಇಂಜಿನ್ ನಿಮಿಷಕ್ಕೆ 25 ಸಾವಿರ ಸುತ್ತು ದಾಟುತ್ತದೆ. ಇದನ್ನು ನೋಡಿದಾಗ ನನಗೆ ಈಗಲೂ ಆಶ್ಚರ್ಯವೇ.

ಹೊಸ ಇಂಜಿನ್ ತಂದ ಕೂಡಲೇ ಜೋರಾಗಿ ಓಡಿಸುವಂತಿಲ್ಲ. ಬ್ರೇಕ್-ಇನ್ ಮಾಡಬೇಕು. ಐದಾರು ಟ್ಯಾಂಕ್ ಇಂಧನ, ಎಣ್ಣೆ-ಇಂಧನ ಜಾಸ್ತಿ ಹೋಗುವ ಹಾಗೆ ರಿಚ್ ಆಗಿ ಇಟ್ಟುಕೊಂಡು, ನಿಧಾನಕ್ಕೆ, ನಡುನಡುವೆ ಆರಿಸುತ್ತಾ ಓಡಿಸಬೇಕು. ಹೊಸದರಲ್ಲಿ ಪಿಸ್ಟನ್ ಮೇಲ್ಗಡೆ ಬಿಗಿಯಾಗಿ ಹಿಡಿಯುತ್ತದೆ, ಅದು ಹಾಗೇ ಇರಬೇಕು. ಡಿಸೆಂಬರ್ ಬೆಳಗಿನ ಚಳಿಯಲ್ಲಂತೂ ಹಗ್ಗ ಎಳೆಯಲು ಬರುವುದೇ ಇಲ್ಲ. ಬಲವಂತ ಮಾಡಿದರೆ ಹಗ್ಗ ಕಿತ್ತುಬರುತ್ತದೆ. ಮನೆಯ ಹೇರ್ ಡ್ರೈಯರ್‌ನಲ್ಲಿ ಇಂಜಿನ್ ತಲೆ ಬಿಸಿ ಮಾಡಿಕೊಂಡು ಎಳೆದರೆ ಸಲೀಸು.

ಆಮೇಲೆ ಟ್ಯೂನಿಂಗ್, ಅಂದರೆ ಇಂಜಿನ್ನಿಗೆ ಹೋಗುವ ಇಂಧನ, ಗಾಳಿಯ ಅಳತೆಯನ್ನು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಸರಿ ಮಾಡುವುದು. ಹೈ ಸ್ಪೀಡ್ ನೀಡಲ್, ಲೋ ಸ್ಪೀಡ್ ನೀಡಲ್, ಐಡಲ್ ಸ್ಕ್ರೂ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿನಷ್ಟು ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಕರಾವಳಿಯಲ್ಲಿ ಸರಿಹೋಗುವ ಸೆಟ್ಟಿಂಗ್ ಇಲ್ಲಿ ರಿಚ್ ಆಗಿಬಿಡುತ್ತದೆ, ನೀಡಲ್ ತುಸು ಬಿಗಿ ಮಾಡಬೇಕು. ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಮಧ್ಯಾಹ್ನದ ಬಿಸಿಲಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರನ್ನು ಮರುದಿನ ಬೆಳಗಿನ ತಂಪಿನಲ್ಲಿ ಹಾಗೇ ಓಡಿಸಿದರೆ ಅದು ಲೀನ್ ಆಗುತ್ತದೆ, ತಂಪು ಗಾಳಿ ದಟ್ಟವಾಗಿರುವುದರಿಂದ ಇಂಧನ ಸಾಲುವುದಿಲ್ಲ. ಇಂಧನದ ಜೊತೆಗೇ ಎಣ್ಣೆಯೂ ಹೋಗುವುದರಿಂದ ಎಣ್ಣೆಯೂ ಕಡಿಮೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಗೆಯ ಗೆರೆ ಕಾಣುತ್ತಿದೆಯಾ ನೋಡುತ್ತಿರಿ. ಇಂಜಿನ್ ತಲೆ ಮೇಲೆ ಒಂದು ಹನಿ ನೀರು ಬಿಡಿ, ಮೂರ್ನಾಲ್ಕು ಸೆಕೆಂಡಿನಲ್ಲಿ ಆವಿಯಾದರೆ ಸರಿ, ಬಿದ್ದ ಕೂಡಲೇ ಚುರ್ರೆಂದು ಹಾರಿಹೋದರೆ ನಿಲ್ಲಿಸಿ, ನೀಡಲ್ ಸಡಿಲ ಮಾಡಿ. ಸಂಜೆ ಮನೆಗೆ ಬರುವ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೆ ಆಫ್ಟರ್-ರನ್ ಎಣ್ಣೆ ನಾಲ್ಕು ಹನಿ ಬಿಟ್ಟು ತಿರುಗಿಸಿಡಬೇಕು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಹಾಗೇ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತವೆ.

ಇಷ್ಟೆಲ್ಲ ಮಾಡಲು ಇಷ್ಟ ಇದ್ದವರಿಗೆ ಇದು ಚಿನ್ನದಂಥ ಹವ್ಯಾಸ. ಆದರೆ ನಮ್ಮೂರಿನಲ್ಲಿ ನಿಜವಾದ ತೊಡಕು ಇಂಧನ. ಇಲ್ಲಿ ಎಂ.ಜಿ. ರಸ್ತೆ, ಅಶೋಕ ರಸ್ತೆ ಸುತ್ತಿದರೂ ನನಗೆ ಸಿಕ್ಕಿಲ್ಲ. 70 ಕಿ.ಮೀ. ದೂರದ ಬೆಂಗಳೂರಿಗೇ ಹೋಗಬೇಕು. ದಿನಾ ರೈಲಿನಲ್ಲಿ ಓಡಾಡುವ ಸ್ನೇಹಿತರ ಕೈಲಿ ತರಿಸೋಣ ಅಂದರೆ ಅದಾಗುವುದಿಲ್ಲ, ಬೇಗ ಹೊತ್ತಿಕೊಳ್ಳುವ ದ್ರವವನ್ನು ರೈಲಿನಲ್ಲಿ ಒಯ್ಯುವುದು ಅಪರಾಧ. 75 ಸಿಸಿ ಟ್ಯಾಂಕ್ ಎಂಟು-ಹತ್ತು ನಿಮಿಷ ಬರುತ್ತದೆ, ಅಂದರೆ ಒಂದು ಲೀಟರಿಗೆ 13 ಟ್ಯಾಂಕ್, ಸುಮಾರು ಎರಡು ಗಂಟೆಯ ಓಟ, ಅದರಲ್ಲಿ ಬ್ರೇಕ್-ಇನ್‌ಗೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನೂ ಯೋಚಿಸಿ: ಮೆಥನಾಲ್ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಯಾವ ಕಾರಣಕ್ಕೂ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಬೀಗ ಹಾಕುವ ಜಾಗದಲ್ಲಿಡಿ.

ಸದ್ದಿನ ವಿಷಯ. ನೈಟ್ರೋ ಸದ್ದು ಮರ ಕೊಯ್ಯುವ ಮೆಷಿನ್ನಿನ ಹಾಗೆ ಕಿವಿಗೆ ಹೊಡೆಯುತ್ತದೆ. ಎಸ್.ಎಸ್. ಪುರಂ, ಎಸ್‌ಐಟಿ ಬಡಾವಣೆಯಂಥ ಕಡೆ ಸ್ಟಾರ್ಟ್ ಮಾಡಿದರೆ ಎದುರು ಮನೆಯ ಅಂಕಲ್ ಆಚೆ ಬರುತ್ತಾರೆ, ಅವರು ಬರುವುದು ನ್ಯಾಯವೇ. ಅಮಾನಿಕೆರೆಯ ಹತ್ತಿರ ವಾಕಿಂಗ್ ಬರುವವರು ಇರುತ್ತಾರೆ, ಅಲ್ಲಿ ಬ್ಯಾಟರಿ ಕಾರು ಕೂಡ ಬೇಡ. ಜೂನಿಯರ್ ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಹುಡುಗರು ಇಲ್ಲದ ಹೊತ್ತು ನೋಡಿಕೊಂಡು, ಕೇಳಿಕೊಂಡು, ಬ್ಯಾಟರಿಯದನ್ನು ಓಡಿಸಬಹುದು. ನನಗೆ ಎಲ್ಲಕ್ಕಿಂತ ಇಷ್ಟ ಊರಾಚೆಯ ಹೊಸ ಲೇಔಟುಗಳು: ಟಾರು ಹಾಕಿದ್ದಾರೆ, ಸೈಟು ಕಲ್ಲು ನೆಟ್ಟಿದ್ದಾರೆ, ಮನೆ ಇನ್ನೂ ಬಂದಿಲ್ಲ. ಕಾವಲುಗಾರರಿಗೆ ಒಂದು ಮಾತು ಹೇಳಿ ಓಡಿಸಿದರೆ ಎರಡೂ ಥರದ ಕಾರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಅಗಲ ರಸ್ತೆ ನೋಡಿ ಆಸೆಪಡಬೇಡಿ, ಲಾರಿ ಓಡಾಡುತ್ತವೆ.

ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳವೂ ಚೆನ್ನ, ಆದರೆ ಆ ಹಿಟ್ಟಿನಂಥ ಧೂಳು ನೈಟ್ರೋಗೆ ಶತ್ರು. ಏರ್ ಫಿಲ್ಟರ್ ಫೋಮಿಗೆ ಫಿಲ್ಟರ್ ಎಣ್ಣೆ ಹಚ್ಚದೆ ಓಡಿಸಿದರೆ ಧೂಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ನಿನ ಬಿಗಿತ ಸವೆದುಹೋಗುತ್ತದೆ, ಆಮೇಲೆ ಅದು ಸ್ಟಾರ್ಟೇ ಆಗುವುದಿಲ್ಲ. ಬ್ಯಾಟರಿ ಕಾರಿಗೆ ಒಂದು ಪೇಂಟಿಂಗ್ ಬ್ರಷ್ ಸಾಕು. ಮೋಟಾರನ್ನು ಮುಟ್ಟಿ ನೋಡುತ್ತಿರಿ, ಬೆರಳು ಇಡಲಾಗದಷ್ಟು ಬಿಸಿಯಾದರೆ ಹತ್ತು ನಿಮಿಷ ಬಿಡಿ.

ಬೆಲೆ ತಿಂಗಳಿಗೊಂದು ಥರ ಇರುವುದರಿಂದ ಇಲ್ಲಿ ಬರೆಯುವುದಿಲ್ಲ. ಆದರೆ ಕೊಳ್ಳುವ ಮುಂಚೆ ಮುಂದಿನ ಚಕ್ರ ಹಿಡಿದಿರುವ ಆರ್ಮ್, ಸ್ಟೀರಿಂಗ್ ತಿರುಗಿಸುವ (ನೈಟ್ರೋದಲ್ಲಿ ಥ್ರಾಟಲ್, ಬ್ರೇಕನ್ನೂ ನಡೆಸುವ) ಪುಟ್ಟ ಮೋಟಾರಾದ ಸರ್ವೋ, ಚಕ್ರಕ್ಕೆ ಎಳೆತ ಕೊಡುವ ಡ್ರೈವ್ ಶಾಫ್ಟ್ ಈ ಮೂರರ ಬೆಲೆ ಹುಡುಕಿ ನೋಡಿ, ಸ್ಟಾಕ್ ಇದೆಯಾ ನೋಡಿ. ನನಗೆ ಒಬ್ಬ ಆನ್‌ಲೈನ್ ಮಾರಾಟಗಾರ ಎಲ್ಲ ಪಾರ್ಟೂ ಸಿಗುತ್ತದೆ ಅಂತ ಹೇಳಿ, ಕಾರು ಕೊಟ್ಟ ಮೇಲೆ ಫೋನೇ ಎತ್ತಲಿಲ್ಲ.

ಇಷ್ಟು ಓದಿಯೂ ನೈಟ್ರೋನೇ ಬೇಕು ಅನ್ನುವವರು ಹಳೆಯದನ್ನು ಕೊಳ್ಳುವಾಗ ಗ್ಲೋ ಪ್ಲಗ್ ಕಾಯಿಸದೆ, ಇಂಜಿನ್ ತಣ್ಣಗಿರುವಾಗ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಪಿಸ್ಟನ್ ಮೇಲಕ್ಕೆ ಬರುವಾಗ ಹಿಡಿತ ಸಿಗಬೇಕು. ಸಲೀಸಾಗಿ ತಿರುಗಿದರೆ ಇಂಜಿನ್ ಸವೆದಿದೆ ಅಂತಲೇ ಅರ್ಥ, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. ಕೊಂಡ ಮೇಲೆ ಇಂಧನ ಹಾಕುವುದಕ್ಕೂ ಮುಂಚೆ ಫೇಲ್‌ಸೇಫ್ ಸೆಟ್ ಮಾಡಿ. ರಿಮೋಟ್ ಸಿಗ್ನಲ್ ತಪ್ಪಿದರೆ ಕಾರು ತಾನೇ ಬ್ರೇಕ್ ಹಿಡಿಯಬೇಕು, ಇಲ್ಲದಿದ್ದರೆ ಅದು ಕೊನೆಯ ಥ್ರಾಟಲ್‌ನಲ್ಲೇ ಓಡುತ್ತಾ ಹೋಗುತ್ತದೆ. ಚಕ್ರ ನೆಲಕ್ಕೆ ತಾಗದ ಹಾಗೆ ಎತ್ತಿಟ್ಟು, ಥ್ರಾಟಲ್ ಸ್ವಲ್ಪ ಒತ್ತಿ ಹಿಡಿದು, ರಿಮೋಟ್ ಆಫ್ ಮಾಡಿ ನೋಡಿ. ಸರ್ವೋ ಬ್ರೇಕಿನ ಕಡೆ ಹೋಯಿತಾ? ಹೋಗದಿದ್ದರೆ ಅವತ್ತು ಸ್ಟಾರ್ಟ್ ಮಾಡಬೇಡಿ. ರಿಸೀವರಿನ ಬ್ಯಾಟರಿಯನ್ನು ಪ್ರತಿ ಸಲವೂ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಿ, ಅದು ಪೂರ್ತಿ ಸತ್ತರೆ ಸರ್ವೋ ತಿರುಗಲು ಕರೆಂಟೇ ಇರುವುದಿಲ್ಲ, ಫೇಲ್‌ಸೇಫ್ ಇದ್ದೂ ಕೆಲಸಕ್ಕೆ ಬರುವುದಿಲ್ಲ.